ಒಂದೇ ನದಿ, ಮೂರು ಥರದ ನೀರು: ಮೋನೆಯ ಆರ್ಜಾಂತೇಯ್ ಸೇತುವೆ

2007ರ ಅಕ್ಟೋಬರ್ ತಿಂಗಳ ಒಂದು ಶನಿವಾರ ರಾತ್ರಿ. ಪ್ಯಾರಿಸ್‌ನಲ್ಲಿ ಬೆಳಗಿನವರೆಗೂ ಊರೇ ಎದ್ದಿರುವ ಕಲಾ ಹಬ್ಬ. ಆ ಗದ್ದಲದ ನಡುವೆ ಕುಡಿದಿದ್ದ ಒಂದು ಗುಂಪು ಓರ್ಸೆ ಮ್ಯೂಸಿಯಂನ ಹಿಂಬಾಗಿಲಿನಿಂದ ಒಳಗೆ ನುಗ್ಗಿತು. ಅಲಾರಂ ಹೊಡೆದುಕೊಂಡಿತು, ಎಲ್ಲರೂ ಓಡಿದರು. ಆದರೆ ಅಷ್ಟರಲ್ಲಿ ಒಂದು ಚಿತ್ರಕ್ಕೆ ಗುದ್ದು ಬಿದ್ದಾಗಿತ್ತು. ಫ್ರೆಂಚ್ ಚಿತ್ರಕಾರ ಕ್ಲೋಡ್ ಮೋನೆ 1874ರಲ್ಲಿ ಬರೆದ 'ಆರ್ಜಾಂತೇಯ್ ಸೇತುವೆ'. ಕ್ಯಾನ್ವಾಸ್ ಸುಮಾರು 10 ಸೆಂಟಿಮೀಟರ್ ಹರಿದುಹೋಗಿತ್ತು.

ಆಮೇಲೆ ತಜ್ಞರು ಅದನ್ನು ಸರಿಮಾಡಿದರು. ಚಿತ್ರ ಮತ್ತೆ ಗೋಡೆ ಏರಿತು. ನನಗೆ ಮಾತ್ರ ಆ ಸುದ್ದಿ ಬೇರೆ ಕಾರಣಕ್ಕೆ ತಲೆಯಲ್ಲಿ ಉಳಿದಿದೆ. ಅಷ್ಟು ಆಳವಾಗಿ, ಅಷ್ಟು ತಣ್ಣಗೆ ಕಾಣುವ ಆ ನದಿ ಕೊನೆಗೂ ಏನು? ಒಂದು ತುಂಡು ಬಟ್ಟೆ, ಅದರ ಮೇಲೆ ಎಣ್ಣೆ ಬಣ್ಣ. ಗುದ್ದಿದರೆ ಹರಿಯುತ್ತದೆ. ಹತ್ತಿರ ಹೋದರೆ ನೀರೂ ಇಲ್ಲ, ಸೇತುವೆಯೂ ಇಲ್ಲ, ಬರೀ ಬಣ್ಣದ ಗೀಟು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಿಸಿಲು ಬಿದ್ದ ನದಿ. ಇದು ಹೇಗಾಗುತ್ತದೆ ಅನ್ನುವುದೇ ಈ ಲೇಖನದ ವಿಷಯ.

ಮೊದಲು ಚಿತ್ರದಲ್ಲಿ ಏನಿದೆ ನೋಡೋಣ. ದೊಡ್ಡ ಚಿತ್ರವೇನಲ್ಲ. ಎತ್ತರ 60.5 ಸೆಂ.ಮೀ., ಅಗಲ 80 ಸೆಂ.ಮೀ. ಮನೆಯಲ್ಲಿ ಗೋಡೆಗೆ ಹಾಕುವ ಸಣ್ಣ ಟಿವಿಯಷ್ಟು. ಮುಂದೆ ಸೇನ್ ನದಿ. ಹಾಯಿ ಸುತ್ತಿಟ್ಟ ದೋಣಿಗಳು ಸುಮ್ನೆ ನಿಂತಿವೆ. ಅವುಗಳ ಹಾಯಿಕಂಬಗಳು ನೆಟ್ಟಗೆ ಆಕಾಶಕ್ಕೆ ಚಾಚಿವೆ. ಬಲಗಡೆಯಿಂದ ಸೇತುವೆ ಒಳಗೆ ಬಂದು ಆಚೆ ದಡದ ಕಡೆ ಹೋಗುತ್ತದೆ. ಆ ದಡದಲ್ಲಿ ಮರಗಳ ಹಸಿರು, ಸುಂಕ ವಸೂಲಿ ಮಾಡುವ ಒಂದು ಪುಟ್ಟ ಮನೆ. ಮೇಲೆ ತಿಳಿ ಆಕಾಶ. ಅಷ್ಟೇ. ಕಥೆ ಇಲ್ಲ, ರಾಜ ಇಲ್ಲ, ದೇವತೆ ಇಲ್ಲ. ಆ ಕಾಲದಲ್ಲಿ ಇದೇ ಒಂದು ದೂರು.

ಆರ್ಜಾಂತೇಯ್ ಅಂದರೆ ಪ್ಯಾರಿಸ್ ಪಕ್ಕದ ನದಿ ದಡದ ಊರು. 1851ರಲ್ಲಿ ರೈಲು ಬಂದಮೇಲೆ ಸೇಂಟ್ ಲಾಜಾರ್ ನಿಲ್ದಾಣದಲ್ಲಿ ಹತ್ತಿದರೆ ಸುಮಾರು ಕಾಲು ಗಂಟೆಯ ದಾರಿ. ಅಲ್ಲಿ ನದಿ ಅಗಲ ಜಾಸ್ತಿ, ಆಳವೂ ಇದೆ. ಅದಕ್ಕೆ ಹಾಯಿದೋಣಿ ಓಡಿಸುವವರಿಗೆ ಅದು ಹೇಳಿ ಮಾಡಿಸಿದ ಜಾಗ. ಭಾನುವಾರ ಬಂತೆಂದರೆ ಪ್ಯಾರಿಸ್‌ನವರು ರೈಲು ಹತ್ತಿ ಬರುತ್ತಿದ್ದರು. ಮೋನೆ 1871ರ ಕೊನೆಯಲ್ಲಿ ಸಂಸಾರ ಸಮೇತ ಇಲ್ಲಿಗೆ ಬಂದು 1878ರವರೆಗೆ ಇದ್ದ.

ಅವನು ಬಂದಾಗ ಸೇತುವೆ ಮುರಿದು ಬಿದ್ದಿತ್ತು. 1870ರಲ್ಲಿ ಪ್ರಷ್ಯಾ ಮತ್ತು ಫ್ರಾನ್ಸ್ ನಡುವೆ ಯುದ್ಧವಾಗಿ, ಆರ್ಜಾಂತೇಯ್‌ನ ಸೇತುವೆ ನಾಶವಾಗಿತ್ತು. 1872ರಲ್ಲಿ ಮೋನೆ ಬರೆದ ಒಂದು ಚಿತ್ರದಲ್ಲಿ ಅದೇ ಸೇತುವೆ ಮರದ ಸಾರುವೆ ಕಟ್ಟಿಕೊಂಡು ನಿಂತಿದೆ. ಎರಡು ವರ್ಷ ಬಿಟ್ಟು ಬರೆದ ನಮ್ಮ ಚಿತ್ರದಲ್ಲಿ ಗಾಯದ ಗುರುತೇ ಇಲ್ಲ. ಹಾಗಾಗಿ ಇದನ್ನು ಬರೀ ರಜೆಯ ದಿನದ ಚಂದದ ಚಿತ್ರ ಎಂದು ನೋಡಿದರೆ ಅರ್ಧ ಮಾತ್ರ ನೋಡಿದ ಹಾಗೆ. ಆಗಷ್ಟೇ ರಿಪೇರಿಯಾದ ದೇಶದ, ಆಗಷ್ಟೇ ರಿಪೇರಿಯಾದ ಸೇತುವೆ ಅದು.

ಇನ್ನೊಂದು ವಿಷಯವನ್ನೂ ಅವನು ಇಲ್ಲಿ ಬಿಟ್ಟಿದ್ದಾನೆ. ಆರ್ಜಾಂತೇಯ್‌ನಲ್ಲಿ ಕಬ್ಬಿಣದ ಕಾರ್ಖಾನೆಗಳಿದ್ದವು, ಜಿಪ್ಸಂ ಗಣಿಗಳಿದ್ದವು. ಪ್ಯಾರಿಸ್‌ನ ದೊಡ್ಡ ಚರಂಡಿ ನೀರು ಮೇಲ್ಗಡೆಯ ಆನಿಯೇರ್ ಹತ್ತಿರ ಇದೇ ನದಿಗೆ ಸೇರುತ್ತಿತ್ತು. ಅವನ ಬೇರೆ ಕೆಲವು ಚಿತ್ರಗಳಲ್ಲಿ ಕಾರ್ಖಾನೆಯ ಹೊಗೆ ಕೊಳವೆಗಳು ದೂರದಲ್ಲಿ ಕಾಣುತ್ತವೆ. ಇಲ್ಲಿ ಇಲ್ಲ. ಎಲ್ಲಿ ನಿಂತರೆ ಯಾವುದು ಮರೆಯಾಗುತ್ತದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಫೋಟೋ ತೆಗೆಯುವಾಗ ನಾವೂ ಕಸದ ತೊಟ್ಟಿ ಬರದ ಹಾಗೆ ಸರಿದು ನಿಲ್ಲುತ್ತೇವೆ, ಅಲ್ವಾ?

1874 ಮೋನೆ ಮತ್ತು ಅವನ ಜೊತೆಯ ಕಲಾವಿದರ ಗುಂಪಿಗೆ ಹೆಸರು ಬಿದ್ದ ವರ್ಷವೂ ಹೌದು. ಆ ಏಪ್ರಿಲ್ 15ರಂದು ಮೋನೆ, ರೆನ್ವಾರ್, ಪಿಸ್ಸಾರೋ, ಸಿಸ್ಲೆ, ದೆಗಾ, ಬರ್ತ್ ಮೊರಿಸೋ ಸೇರಿ ಸುಮಾರು 30 ಜನ ಒಟ್ಟಾಗಿ ಸರ್ಕಾರಿ ಕಲಾ ಪ್ರದರ್ಶನದ ಹಂಗಿಲ್ಲದೆ ತಮ್ಮದೇ ಪ್ರದರ್ಶನ ತೆರೆದರು. ಜಾಗ, ಫೋಟೋಗ್ರಾಫರ್ ನಾದಾರ್‌ನ ಹಳೆಯ ಸ್ಟುಡಿಯೋ. ಅಲ್ಲಿ ಮೋನೆಯ 'ಇಂಪ್ರೆಷನ್, ಸೂರ್ಯೋದಯ' ಇತ್ತು. ಇಂಪ್ರೆಷನ್ ಅಂದರೆ ನೋಡಿದ ಕೂಡಲೇ ಮನಸ್ಸಿನಲ್ಲಿ ಮೂಡುವ ಛಾಪು. ಲೂಯಿ ಲೆರ್ವಾ ಎಂಬ ವಿಮರ್ಶಕ ಆ ಹೆಸರನ್ನೇ ಹಿಡಿದುಕೊಂಡು ಇವರನ್ನೆಲ್ಲ 'ಇಂಪ್ರೆಷನಿಸ್ಟರು' ಎಂದು ಲೇವಡಿ ಮಾಡಿ ಬರೆದ. ಬೈಗುಳವೇ ಹೆಸರಾಗಿ ನಿಂತಿತು. ಆ ಬೇಸಿಗೆಯಲ್ಲೇ ಮೋನೆ ಈ ಸೇತುವೆಯನ್ನು ಹಿಡಿದು ಕೂತ. ಆ ಒಂದೇ ವರ್ಷದಲ್ಲಿ ಇದನ್ನು 7 ಸಲ, ಸ್ವಲ್ಪ ದೂರದ ರೈಲ್ವೆ ಸೇತುವೆಯನ್ನು 4 ಸಲ ಬರೆದ. ಒಂದೇ ಸೇತುವೆ 7 ಸಲ ಯಾಕೆ? ಅವನು ಬರೆಯುತ್ತಿದ್ದುದು ಸೇತುವೆಯನ್ನಲ್ಲ, ಅದಕ್ಕೆ.

ಈಗ ನೀರಿಗೆ ಬರೋಣ. ಈ ಚಿತ್ರದ ಜೀವ ಇರುವುದು ಅಲ್ಲೇ.

ಚಿತ್ರ ನಿಮ್ಮ ಫೋನಿನಲ್ಲಿ ಇದ್ದರೆ ಈಗಲೇ ತೆರೆಯಿರಿ. ಓರ್ಸೆ ಮ್ಯೂಸಿಯಂನ ಜಾಲತಾಣದಲ್ಲಿ ಸಿಗುತ್ತದೆ. ಮೊದಲು ತೀರಾ ಮುಂದಿನ ನೀರು ನೋಡಿ. ಅಲ್ಲಿ ಬಣ್ಣ ಹೆಚ್ಚುಕಡಿಮೆ ನಯವಾಗಿ, ತೆಳ್ಳಗೆ ಹರಡಿದೆ. ಬ್ರಷ್ ಆರಾಮಾಗಿ ಓಡಿದೆ. ಸ್ವಲ್ಪ ಮೇಲೆ ಬನ್ನಿ. ದೋಣಿಗಳ, ಆಚೆ ಮನೆಯ ನೆರಳು ನೀರಿಗೆ ಬೀಳುವ ಕಡೆ ಬ್ರಷ್ ತುಂಡು ತುಂಡಾಗುತ್ತದೆ. ಅಡ್ಡಡ್ಡ ಚಿಕ್ಕ ಗೀಟುಗಳು. ಒಂದರ ಪಕ್ಕ ಒಂದು, ನಡುವೆ ನೀಲಿ ಇಣುಕುತ್ತದೆ. ಇನ್ನೂ ಮೇಲೆ, ದೋಣಿಯ ಕಂಬ ಮತ್ತು ಸುತ್ತಿಟ್ಟ ಹಾಯಿಗೆ ಬಂದರೆ ಬಣ್ಣ ದಪ್ಪ. ಕೈಯಿಟ್ಟರೆ ತಗಲುವಷ್ಟು ಉಬ್ಬು. ಹೀಗೆ ಒಂದೇ ಚಿತ್ರದಲ್ಲಿ ಬ್ರಷ್ ಮೂರು ಥರ ಮಾತಾಡುತ್ತದೆ. ಇಂಪ್ರೆಷನಿಸಂ ಅಂದರೆ ಎಲ್ಲ ಕಡೆ ಚುಕ್ಕಿ ಇಡುವುದು ಅಂದುಕೊಂಡಿದ್ದರೆ ಇಲ್ಲಿ ಅದು ಸುಳ್ಳಾಗುತ್ತದೆ.

ಯಾಕೆ ಹೀಗೆ? ನೀರು ನಿಜಕ್ಕೂ ಹಾಗೇ ಕಾಣುತ್ತದೆ. ಯಾವುದಾದರೂ ಕೆರೆಯ ಏರಿ ಮೇಲೆ ನಿಂತು ನೋಡಿ. ಕಾಲ ಬುಡದ ನೀರಿನಲ್ಲಿ ತಳದ ಕಲ್ಲು, ಪಾಚಿ ಕಾಣುತ್ತದೆ. ದೂರದ ನೀರಿನಲ್ಲಿ ಬರೀ ಆಕಾಶ. ನೀರು ಅದೇ, ನೋಡುವ ಕೋನ ಬೇರೆ. ನೇರ ಕೆಳಗೆ ನೋಡಿದರೆ ನೀರಿನ ಮೇಲ್ಮೈ ನೂರರಲ್ಲಿ ಸುಮಾರು 2 ಪಾಲು ಬೆಳಕನ್ನಷ್ಟೇ ಕಣ್ಣಿಗೆ ವಾಪಸ್ ಕಳಿಸುತ್ತದೆ. ಕಣ್ಣು ನೀರಿನ ಮಟ್ಟಕ್ಕೆ ಇಳಿಯುತ್ತಾ ಹೋದ ಹಾಗೆ ಅದು ಏರುತ್ತಾ ಹೋಗಿ ಕನ್ನಡಿಯಂತಾಗುತ್ತದೆ. ಮೋನೆ ಈ ಲೆಕ್ಕ ಓದಿದವನಲ್ಲ. ಆದರೆ ಅವನ ಹತ್ತಿರ ಒಂದು ದೋಣಿ ಇತ್ತು. ದೊಬಿನ್ಯಿ ಎಂಬ ಹಿರಿಯ ಕಲಾವಿದನನ್ನು ನೋಡಿ, ಮೇಲೊಂದು ಕೋಣೆ ಕಟ್ಟಿಸಿಕೊಂಡು ದೋಣಿಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದ. 1874ರ ಅದೇ ಬೇಸಿಗೆಯಲ್ಲಿ ಎದುರು ದಡದ ಜೆನ್ನೆವಿಲಿಯೇಗೆ ಬಂದಿದ್ದ ಎದುವಾರ್ ಮಾನೆ ಎಂಬ ಇನ್ನೊಬ್ಬ ಕಲಾವಿದ, ಆ ದೋಣಿಯಲ್ಲಿ ಕೂತು ಬಣ್ಣ ಹಚ್ಚುತ್ತಿರುವ ಮೋನೆಯನ್ನೇ ಬರೆದಿದ್ದಾನೆ. ನದಿಯ ಮಟ್ಟಕ್ಕೇ ಕಣ್ಣು ಇಟ್ಟು ವರ್ಷಗಟ್ಟಲೆ ನೋಡಿದವನಿಗೆ ಲೆಕ್ಕ ಯಾಕೆ ಬೇಕು?

ಪ್ರತಿಬಿಂಬದ ಗೀಟುಗಳು ಅಡ್ಡಡ್ಡ ಇರುವುದಕ್ಕೂ ಕಾರಣವಿದೆ. ನೀರಿನ ಮೇಲೆ ಸಣ್ಣ ಅಲೆ ಎದ್ದರೆ ಒಂದೊಂದು ಅಲೆಯೂ ಒಂದೊಂದು ಪುಟ್ಟ ಓರೆ ಕನ್ನಡಿ. ಒಂದು ಕನ್ನಡಿ ಮನೆಯನ್ನು ತೋರಿಸಿದರೆ, ಅದರ ಪಕ್ಕದ್ದು ಆಕಾಶವನ್ನು ತೋರಿಸುತ್ತದೆ. ಹೀಗಾಗಿ ಮನೆಯ ಪ್ರತಿಬಿಂಬ ಕತ್ತರಿಸಿ, ಕೆಳಮುಖವಾಗಿ ಎಳೆದು ಉದ್ದ ಮಾಡಿದಂತೆ ಕಾಣುತ್ತದೆ. ಹಳದಿ ಗೀಟು, ನೀಲಿ ಗೀಟು, ಹಳದಿ ಗೀಟು. ಆ ಹಳದಿ ಮನೆಯದು, ಆ ನೀಲಿ ಆಕಾಶದ್ದು. ಇದು ಅವಸರದ ಕೆಲಸ ಅಂತ ಆಗಿನವರು ಬೈದರು. ನನಗೆ ಕೇಳಿದರೆ ಇದಕ್ಕಿಂತ ಪ್ರಾಮಾಣಿಕವಾಗಿ ಅಲೆಯನ್ನು ಬರೆಯುವುದು ಕಷ್ಟ.

ಒಂದು ತಮಾಷೆ ಕೂಡ ಹೇಳಿಬಿಡುತ್ತೇನೆ. ನೀರಿನಲ್ಲಿ ಕಾಣುವ ಸೇತುವೆ, ಮೇಲಿನ ಸೇತುವೆಯ ತಲೆಕೆಳಗಾದ ನಕಲಲ್ಲ. ನೀರಿನೊಳಗಿಂದ ಒಂದು ಕಣ್ಣು ಮೇಲಕ್ಕೆ ನೋಡಿದರೆ ಏನು ಕಾಣುತ್ತದೋ ಅದು. ಅಂದರೆ ಸೇತುವೆಯ ಕೆಳಹೊಟ್ಟೆ ಪ್ರತಿಬಿಂಬದಲ್ಲಿ ಜಾಸ್ತಿ ಕಾಣುತ್ತದೆ. ಮುಂದಿನ ಸಲ ಯಾವುದಾದರೂ ನದಿಯ ಸೇತುವೆ ದೂರದಿಂದ ಕಂಡರೆ ನೋಡಿ. ಮೇಲೆ ಕಾಣದ ಕಮಾನಿನ ಒಳಮೈ ನೀರಿನಲ್ಲಿ ಕಾಣುತ್ತದೆ.

ಬಣ್ಣದ ಮಾತಿಗೆ ಬಂದರೆ, ಶಾಲೆಯಲ್ಲಿ ನಮಗೆಲ್ಲ ಹೇಳಿಕೊಟ್ಟದ್ದು ನೆರಳು ಕಪ್ಪು ಅಂತ. ಮೋನೆಯ ನೆರಳುಗಳಲ್ಲಿ ಕಪ್ಪು ಹುಡುಕಿದರೆ ಸಿಗುವುದು ನೀಲಿ, ನೇರಳೆ. ಇದು ಕವಿತ್ವ ಅಲ್ಲ. ಮಧ್ಯಾಹ್ನ ತಾರಸಿ ಮೇಲೆ ಒಣಹಾಕಿದ ಬಿಳಿ ಪಂಚೆಯನ್ನು ನೋಡಿ. ಬಿಸಿಲು ಬಿದ್ದ ಕಡೆ ಕೊಂಚ ಹಳದಿ ಛಾಯೆಯ ಬಿಳಿ. ಮಡಿಕೆಯ ನೆರಳಿನಲ್ಲಿ ತೆಳು ನೀಲಿ. ನೆರಳಿಗೆ ಸೂರ್ಯನ ಬೆಳಕು ತಪ್ಪಿದೆ, ಆದರೆ ನೀಲಿ ಆಕಾಶದ ಬೆಳಕು ಬೀಳುತ್ತಲೇ ಇದೆ. ಅದಕ್ಕೇ ನೀಲಿ. ನಾವು ಮಾತ್ರ 'ಪಂಚೆ ಬಿಳಿ' ಅಂತ ಗೊತ್ತಿರುವುದರಿಂದ ಆ ನೀಲಿಯನ್ನು ನೋಡುವುದೇ ಇಲ್ಲ. ಗೊತ್ತಿರುವುದನ್ನು ಬಿಟ್ಟು ಕಂಡದ್ದನ್ನು ಬರೆಯುವುದು, ಈ ಗುಂಪಿನವರ ಜಗಳ ಇಷ್ಟೇ.

ಇನ್ನು ಹೊಳಪು. ಆ ಹಾಯಿಕಂಬದ ಕಿತ್ತಳೆ ಹಳದಿ ಯಾಕೆ ಅಷ್ಟು ಹೊಳೆಯುತ್ತದೆ? ಪಕ್ಕದಲ್ಲಿ ನೀಲಿ ಇದೆ, ಅದಕ್ಕೆ. ಸೀರೆಗೆ ಬ್ಲೌಸ್ ಪೀಸ್ ತರಲು ಮ್ಯಾಚಿಂಗ್ ಸೆಂಟರಿಗೆ ಹೋದವರಿಗೆ ಇದು ಹೊಸದಲ್ಲ. ಥಾನಿನಲ್ಲಿ ಸುತ್ತಿಟ್ಟಾಗ ಒಂದು ಬಣ್ಣ, ಸೀರೆಯ ಮೇಲೆ ಇಟ್ಟರೆ ಇನ್ನೊಂದು. ಇದನ್ನು ವಿಜ್ಞಾನವಾಗಿ ಬರೆದವನು ಷೆವ್ರೂಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ. ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥ. ಕಪ್ಪು ನೂಲಿಗೆ ಕಪ್ಪು ಸಾಲುತ್ತಿಲ್ಲ ಅನ್ನುವ ದೂರು ಬಂತು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ದೋಷವಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲು ಆ ಕಪ್ಪನ್ನು ಮಂಕಾಗಿಸುತ್ತಿತ್ತು. 1839ರಲ್ಲಿ ಅವನು ಇದರ ಮೇಲೆ ದಪ್ಪ ಪುಸ್ತಕವನ್ನೇ ತಂದ. ನೀಲಿಯ ಪಕ್ಕ ಕಿತ್ತಳೆ, ಕೆಂಪಿನ ಪಕ್ಕ ಹಸಿರು ಇಟ್ಟರೆ ಎರಡೂ ಒಂದನ್ನೊಂದು ಎತ್ತಿ ತೋರಿಸುತ್ತವೆ. ನೀಲಿ ನದಿಯಲ್ಲಿ ಕಿತ್ತಳೆ ಕಂಬ ಇಟ್ಟ ಮೋನೆಗೆ ಬಿಸಿಲು ಬೇರೆಯಾಗಿ ತರಬೇಕಾಗಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಕಡೆ ಓಡಾಡುತ್ತಿದೆ. ಇಂಪ್ರೆಷನಿಸ್ಟರು ನೀಲಿ ಚುಕ್ಕಿ, ಹಳದಿ ಚುಕ್ಕಿ ಪಕ್ಕಪಕ್ಕ ಇಡುತ್ತಿದ್ದರು, ದೂರದಿಂದ ಕಣ್ಣಿನಲ್ಲಿ ಬೆರೆತು ಹಸಿರಾಗುತ್ತದೆ ಅಂತ. ಆಗುವುದಿಲ್ಲ. ಬೆಳಕಿನ ಲೆಕ್ಕದಲ್ಲಿ ನೀಲಿ ಹಳದಿ ಬೆರೆತರೆ ಬರುವುದು ಬೂದಿ ಥರದ ಬಣ್ಣ, ಹಸಿರಲ್ಲ. ಮೋನೆಗೆ ಹಸಿರು ಬೇಕಾದಾಗ ಹಸಿರು ಬಣ್ಣವನ್ನೇ ತೆಗೆದುಕೊಳ್ಳುತ್ತಿದ್ದ, ಇಲ್ಲ ಬೆರೆಸುತ್ತಿದ್ದ. ಹಸಿ ಬಣ್ಣದ ಮೇಲೇ ಹಸಿ ಬಣ್ಣ ಎಳೆಯುತ್ತಿದ್ದ. ಚುಕ್ಕಿಯಲ್ಲೇ ಇಡೀ ಚಿತ್ರ ಕಟ್ಟುವುದು ಆಮೇಲೆ, 1880ರ ದಶಕದಲ್ಲಿ, ಸೂರಾ ಎಂಬವನು ಹಿಡಿದ ದಾರಿ.

ಚುಕ್ಕಿ ನಿಜವಾಗಿ ಕಣ್ಣಿನಲ್ಲಿ ಬೆರೆಯುವುದು ನೋಡಬೇಕೆಂದರೆ ಈ ಚಿತ್ರದ ಹಳೆಯ ಮಾಲೀಕನ ಹತ್ತಿರ ಹೋಗಬೇಕು. ಇದನ್ನು ಫ್ರಾನ್ಸಿನ ಮ್ಯೂಸಿಯಂಗಳಿಗೆ ಬಿಟ್ಟುಹೋದವನು ಆಂತೊನಾನ್ ಪೆರ್ಸೊನಾಸ್. 1937ರಲ್ಲಿ ಅವನ ಉಯಿಲಿನ ಮೂಲಕ ಬಂತು. ಅವನಿಗೆ ಇನ್ನೊಂದು ಹುಚ್ಚು ಇತ್ತು, ಬಣ್ಣದ ಫೋಟೋ. 1907ರಲ್ಲಿ ಲ್ಯೂಮಿಯೇರ್ ಸೋದರರು 'ಆಟೋಕ್ರೋಮ್' ಎಂಬ ಗಾಜಿನ ಪ್ಲೇಟು ಮಾರುಕಟ್ಟೆಗೆ ತಂದರು. ಅದರಲ್ಲಿ ಆಲೂಗಡ್ಡೆಯ ಪಿಷ್ಟದ ಕಣಗಳಿಗೆ ಕಿತ್ತಳೆ, ಹಸಿರು, ನೇರಳೆ ಬಣ್ಣ ಕಟ್ಟಿ ಗಾಜಿನ ಮೇಲೆ ಹರಡಿರುತ್ತಿದ್ದರು. ಕಣಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಬೆಳಕು ಅವುಗಳ ಮೂಲಕ ಹಾದು ಬಂದು ಕಣ್ಣಿನಲ್ಲೇ ಬೆರೆಯುತ್ತದೆ. ಈಗಿನ ಫೋನಿನ ಪರದೆಯದೂ ಹೆಚ್ಚುಕಡಿಮೆ ಅದೇ ಲೆಕ್ಕ. ಮೋನೆಯ ಗೀಟು ಅಷ್ಟು ಸಣ್ಣದಲ್ಲ. ಅದು ಪೂರ್ತಿ ಬೆರೆಯಬಾರದು. ಅರ್ಧ ಗೀಟಾಗಿ, ಅರ್ಧ ನೀರಾಗಿ ಕಾಣಬೇಕು. ಆ ನಡುವಿನ ಚಡಪಡಿಕೆಯೇ ನಮಗೆ ಅಲೆಯ ಅಲುಗಾಟವಾಗಿ ಕಾಣುವುದು.

ಕಣ್ಣಿನ ಈ ಚಡಪಡಿಕೆಯನ್ನು ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇನ್ನೊಂದು ಕಡೆಯಿಂದ ವಿವರಿಸಿದ್ದಾರೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. 'ಇಂಪ್ರೆಷನ್, ಸೂರ್ಯೋದಯ' ಚಿತ್ರವನ್ನು ಫೋನಿನಲ್ಲಿ ಇಳಿಸಿಕೊಂಡು ಬ್ಲಾಕ್ ಆಂಡ್ ವೈಟ್ ಮಾಡಿ. ಆ ಕಿತ್ತಳೆ ಸೂರ್ಯ ಹೆಚ್ಚುಕಡಿಮೆ ಮಾಯವಾಗುತ್ತಾನೆ. ಬಣ್ಣ ಬೇರೆ ಇದ್ದರೂ ಸೂರ್ಯನಿಗೂ ಸುತ್ತಲಿನ ಬೂದು ಆಕಾಶಕ್ಕೂ ಬೆಳಕಿನ ಪ್ರಮಾಣ ಒಂದೇ. ಮಿದುಳಿನಲ್ಲಿ ಬಣ್ಣ ಗುರುತಿಸುವ ದಾರಿ ಒಂದು. ವಸ್ತು ಎಲ್ಲಿದೆ, ಅಲ್ಲಾಡುತ್ತಿದೆಯಾ ಅಂತ ನೋಡುವ ದಾರಿ ಇನ್ನೊಂದು. ಎರಡನೆಯದಕ್ಕೆ ಬಣ್ಣ ಗೊತ್ತಾಗುವುದಿಲ್ಲ, ಕಪ್ಪು ಬಿಳುಪಿನ ವ್ಯತ್ಯಾಸ ಮಾತ್ರ. ಒಂದು ದಾರಿ 'ಸೂರ್ಯ ಇದ್ದಾನೆ' ಎನ್ನುತ್ತದೆ, ಇನ್ನೊಂದಕ್ಕೆ ಅವನು ಕಾಣುವುದೇ ಇಲ್ಲ. ಹಾಗಾಗಿ ಸೂರ್ಯ ಮಿಡಿಯುತ್ತಿರುವ ಹಾಗೆ ತೋರುತ್ತದೆ.

ಇದೆಲ್ಲ ಮೋನೆಯ ಕಣ್ಣಿನ ಮಹಿಮೆ ಒಂದೇ ಅಲ್ಲ, ಅಂಗಡಿಯ ಮಹಿಮೆಯೂ ಹೌದು. ಹಿಂದೆ ಎಣ್ಣೆ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ಇಡುತ್ತಿದ್ದರು. ಚುಚ್ಚಿ ತೆಗೆದರೆ ಮತ್ತೆ ಸರಿಯಾಗಿ ಮುಚ್ಚಲು ಬಾರದು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕನ್ ಕಲಾವಿದ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ನಮ್ಮ ಟೂತ್‌ಪೇಸ್ಟಿನ ಟ್ಯೂಬಿನ ಹಾಗೆ ಹಿಂಡುವ, ಮುಚ್ಚಳ ತಿರುಗಿಸುವ ಟ್ಯೂಬು. ಬಣ್ಣ ಜೇಬಿಗೆ ಬಂತು, ಕಲಾವಿದ ನದಿ ದಡಕ್ಕೆ ಹೋದ. ಬಣ್ಣಗಳೂ ಹೊಸವು. ಕೋಬಾಲ್ಟ್ ನೀಲಿ 1802ರದು. ರಾಜವರ್ತ ಕಲ್ಲು ಅರೆದು ತೆಗೆಯುತ್ತಿದ್ದ ದುಬಾರಿ ನೀಲಿಗೆ 1828ರ ಹೊತ್ತಿಗೆ ಕಾರ್ಖಾನೆಯ ಅಗ್ಗದ ಬದಲಿ ಬಂತು. ವಿರಿಡಿಯನ್ ಎಂಬ ತಣ್ಣನೆಯ ಹಸಿರಿಗೆ 1859ರಲ್ಲಿ ಪೇಟೆಂಟ್ ಆಯಿತು. ಬ್ರಷ್ಷಿಗೆ ತಗಡಿನ ಪಟ್ಟಿ ಹಾಕಿ ಚಪ್ಪಟೆ ಮಾಡಲು ಶುರುವಾದ ಮೇಲೆ ಆ ಅಗಲ ಅಡ್ಡ ಗೀಟು ಒಂದೇ ಎಳೆತಕ್ಕೆ ಸಾಧ್ಯವಾಯಿತು. ಕ್ಯಾನ್ವಾಸ್ ಕೂಡ ಸಿದ್ಧ ಅಳತೆಯಲ್ಲಿ ನಂಬರ್ ಹಾಕಿ ಮಾರುತ್ತಿದ್ದರು. ನಮ್ಮ ಚಿತ್ರದ ಅಳತೆ ಹೆಚ್ಚುಕಡಿಮೆ 25ನೇ ನಂಬರಿನದು.

ಬಣ್ಣ ಯಾವುದು ಬಳಸುತ್ತೀರಿ ಅಂತ 1905ರಲ್ಲಿ ಒಮ್ಮೆ ಕೇಳಿದಾಗ ಮೋನೆ ಕೊಟ್ಟ ಪಟ್ಟಿ ಚಿಕ್ಕದು: ಬಿಳಿ, ಕ್ಯಾಡ್ಮಿಯಂ ಹಳದಿ, ವರ್ಮಿಲಿಯನ್ ಕೆಂಪು, ಗಾಢ ಮ್ಯಾಡರ್ ಕೆಂಪು, ಕೋಬಾಲ್ಟ್ ನೀಲಿ, ಎಮರಾಲ್ಡ್ ಹಸಿರು. ಅಷ್ಟೇ ಅಂದ. ಕಪ್ಪು ಇಲ್ಲ.

'ಒಂದೇ ಕೂತಲ್ಲಿ ಬರೆದು ಮುಗಿಸಿದ' ಅನ್ನುವ ಕಥೆಯನ್ನು ಮಾತ್ರ ಪೂರ್ತಿ ನಂಬಬೇಡಿ. ಮೋನೆಯ ಎಷ್ಟೋ ಚಿತ್ರಗಳಲ್ಲಿ ಕೆಳಗಿನ ಬಣ್ಣ ಒಣಗಿದ ಮೇಲೆ ಮೇಲಿನ ಗೀಟು ಬಿದ್ದಿರುವುದು ಪರೀಕ್ಷೆಯಲ್ಲಿ ಕಂಡಿದೆ. ಎಣ್ಣೆ ಬಣ್ಣ ಒಣಗಲು ದಿನಗಳೇ ಬೇಕು. ಅಂದರೆ ಅವನು ಮತ್ತೆ ಮತ್ತೆ ಅದೇ ಚಿತ್ರಕ್ಕೆ ಮರಳಿದ್ದಾನೆ. ಕ್ಷಣಮಾತ್ರದ್ದು ಅಂತ ಕಾಣುವ ಹಾಗೆ ಮಾಡಲು ಅಷ್ಟು ದಿನ ಬೇಕಾಯಿತು.

ಹಣದ ವಿಷಯದಲ್ಲಿ 1874 ಒಳ್ಳೆಯ ವರ್ಷವಾಗಿರಲಿಲ್ಲ. ಚಿತ್ರಗಳನ್ನು ಕೊಳ್ಳುತ್ತಿದ್ದ ವ್ಯಾಪಾರಿ ದ್ಯುರಾಂ-ರುಯೆಲ್ ಸ್ವತಃ ಮುಗ್ಗಟ್ಟಿಗೆ ಸಿಕ್ಕಿ ಕೊಳ್ಳುವುದನ್ನು ನಿಲ್ಲಿಸಿದ್ದ. 1878ರಲ್ಲಿ ಮೋನೆ ಸಾಲ ತಲೆ ಮೇಲೆ ಹೊತ್ತುಕೊಂಡೇ ಆರ್ಜಾಂತೇಯ್ ಬಿಟ್ಟ. ಆದರೆ ನೀರನ್ನು ಬಿಡಲಿಲ್ಲ. ಕೊನೆಗೆ ಜಿವರ್ನಿ ಎಂಬ ಹಳ್ಳಿಯಲ್ಲಿ ಸ್ವಂತ ಕೊಳ ತೋಡಿಸಿ, ಅದರ ಮೇಲೊಂದು ಜಪಾನಿ ಥರದ ಕಾಲುಸೇತುವೆ ಕಟ್ಟಿಸಿಕೊಂಡ. ಅಲ್ಲಿ ಬರೆದ ನೈದಿಲೆಯ ಚಿತ್ರಗಳಿಗೆ ಪ್ಯಾರಿಸ್‌ನ ಒರಾಂಜರಿ ಮ್ಯೂಸಿಯಂನಲ್ಲಿ ಎರಡು ಅಂಡಾಕಾರದ ಕೋಣೆಗಳಿವೆ. 2 ಮೀಟರ್ ಎತ್ತರದ 8 ಚಿತ್ರಗಳು, ಒಟ್ಟು ಉದ್ದ 91 ಮೀಟರ್. ಅವನು ಸತ್ತ ಮರುವರ್ಷ, 1927ರಲ್ಲಿ, ಅದು ಜನರಿಗೆ ತೆರೆಯಿತು. ಅಲ್ಲಿ ಸೇತುವೆ ಇಲ್ಲ, ಊರಿಲ್ಲ, ದಿಗಂತವೂ ಇಲ್ಲ. ಕಣ್ಣಿಗೆ ಸಿಗುವುದು ನೀರು, ಹೂವು, ನೀರಿನಲ್ಲಿ ಬಿದ್ದ ಆಕಾಶ.

ಆರ್ಜಾಂತೇಯ್ ಚಿತ್ರ ನೋಡಿ ಒರಾಂಜರಿಗೆ ಹೋಗಬೇಕೆಂದರೆ ದೂರವಿಲ್ಲ, ನಡೆದೇ ಹೋಗಬಹುದು. ಓರ್ಸೆ ಕೂಡ ಮೊದಲು ಮ್ಯೂಸಿಯಂ ಆಗಿರಲಿಲ್ಲ, 1900ರಲ್ಲಿ ತೆರೆದ ರೈಲ್ವೆ ನಿಲ್ದಾಣ. ಅದರಿಂದ ಹೊರಗೆ ಬಂದರೆ ಎದುರಿಗೇ ಸೇನ್, ಅದರ ಮೇಲೆ ಜನ ನಡೆಯುವ ಒಂದು ಸೇತುವೆ. ನಡುವೆ ನಿಂತು ಕಂಬಿ ಹಿಡಿದು ಬಗ್ಗಿ ನೋಡಿದರೆ ಕಾಲಡಿಯ ನೀರು ಮಂಕು ಹಸಿರು. ಕತ್ತೆತ್ತಿ ದೂರ ನೋಡಿದರೆ ಆಕಾಶ. ಎರಡರ ನಡುವೆ, ದಡದ ಕಲ್ಲಿನ ಗೋಡೆಯ ಹಳದಿ ಬಣ್ಣ ಅಡ್ಡಡ್ಡ ತುಂಡಾಗಿ ಅಲ್ಲಾಡುತ್ತಿರುತ್ತದೆ.